ಮೈಯಳತೆಯ ಬೈಸಿಕಲ್ಲು

ನಾವು ದಿನವೂ ಬಳಸುವ ವಸ್ತುಗಳಲ್ಲಿ ಕೆಲವು ನಮ್ಮ ಮೈಯನ್ನು ನೋಡಿ ಹುಟ್ಟಿದವು. ಮತ್ತೆ ಕೆಲವಕ್ಕೆ ನಾವೇ ನಮ್ಮ ಮೈಯನ್ನು ಒಗ್ಗಿಸಿಕೊಳ್ಳಬೇಕು. ದರ್ಜಿಯು ಬಟ್ಟೆಗೆ ಕತ್ತರಿ ಹಾಕುವ ಮೊದಲು ಹೆಗಲಿಗೂ ತೋಳಿಗೂ ಅಳತೆಯ ಪಟ್ಟಿಯನ್ನು ಹಿಡಿಯುತ್ತಾನೆ. ಬಳೆಗಾರನು ಹೆಣ್ಣುಮಗಳ ಕೈಯನ್ನು ಒತ್ತಿ ನೋಡದೆ ಬಳೆಯನ್ನು ಆರಿಸುವುದಿಲ್ಲ. ಒಕ್ಕಲಿಗನು ಕುಡುಗೋಲಿನ ಹಿಡಿಯನ್ನು ತನ್ನ ಮುಷ್ಟಿಗೆ ತಕ್ಕಂತೆ ಕೆತ್ತಿಸಿಕೊಳ್ಳುತ್ತಾನೆ. ಆದರೆ ಬೈಸಿಕಲ್ಲಿನ ವಿಷಯದಲ್ಲಿ ಮಾತ್ರ ನಮ್ಮ ಊರುಗಳಲ್ಲಿ ಈ ನ್ಯಾಯವು ಬಹುಕಾಲ ನಡೆಯಲಿಲ್ಲ. ಅಂಗಡಿಯಲ್ಲಿ 22 ಅಂಗುಲದ ಚೌಕಟ್ಟಿನದೊಂದು, 24 ಅಂಗುಲದ್ದೊಂದು. ಎರಡಕ್ಕೂ 28 ಅಂಗುಲದ ಚಕ್ರ. ಕೊಳ್ಳುವವನು ಗಿಡ್ಡನಾದರೆ ಆಸನವನ್ನು ತಗ್ಗಿಸಿಕೊಳ್ಳಬೇಕು, ಉದ್ದನಾದರೆ ಮೊಳಕಾಲನ್ನು ಮಡಿಸಿಕೊಳ್ಳಬೇಕು. ಇದಕ್ಕಿಂತ ಹೆಚ್ಚಿನ ಉಪಚಾರವನ್ನು ಯಾರೂ ಬಯಸಲಿಲ್ಲ, ಯಾರೂ ಮಾಡಲಿಲ್ಲ.

ಮಕ್ಕಳ ಪಾಡನ್ನಂತೂ ಹೇಳುವುದೇ ಬೇಡ. ಗಂಟೆಗಿಷ್ಟೆಂದು ಬಾಡಿಗೆಗೆ ಬೈಸಿಕಲ್ಲು ಕೊಡುವ ಅಂಗಡಿಗಳು ದಾವಣಗೆರೆಯಲ್ಲಿ ಒಂದು ಕಾಲಕ್ಕೆ ಬೀದಿಬೀದಿಗೂ ಇದ್ದುವು. ಈಗ ಬಹುಮಟ್ಟಿಗೆ ಮರೆಯಾಗಿವೆ. ಅಲ್ಲಿಂದ ತಂದ ದೊಡ್ಡ ಬೈಸಿಕಲ್ಲಿನ ಆಸನವು ಹತ್ತು ವರ್ಷದ ಹುಡುಗನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅದನ್ನು ಏರುವುದು ಅಸಾಧ್ಯವಾದುದರಿಂದ, ಅವನು ಮೇಲಿನ ಬಾರಿನ ಕೆಳಗೆ, ಮುಕ್ಕೋಣದ ಸಂದಿನಲ್ಲಿ ಬಲಗಾಲನ್ನು ತೂರಿಸಿ, ಸೊಂಟವನ್ನು ಒಂದು ಕಡೆಗೆ ಕೊಂಕಿಸಿ, ಒಂದು ಕೈಯಲ್ಲಿ ಹ್ಯಾಂಡಲ್ಲನ್ನೂ ಇನ್ನೊಂದರಲ್ಲಿ ಬಾರನ್ನೂ ಹಿಡಿದು ಹೊರಡುತ್ತಿದ್ದನು. ಇದಕ್ಕೆ ಒಳಪೆಡ್ಲು ಎಂದು ಹೆಸರು. ಈ ವಿದ್ಯೆಯನ್ನು ಅರಿಯದ ವಾಚಕರು ನಮ್ಮಲ್ಲಿ ವಿರಳ. ನೆನೆದರೆ ನಗು ಬರುತ್ತದೆ, ನಿಜ. ಆದರೂ ಯಾರೋ ಬೇರೊಬ್ಬರ ಅಳತೆಗೆಂದು ಕಟ್ಟಿದ ಕಬ್ಬಿಣದೊಳಗೆ ನಮ್ಮ ಎಳೆಯ ಮೈಯನ್ನು ತಿರುಚಿ ತೂರಿಸಿದೆವೆಂಬುದು ಅದರ ಇನ್ನೊಂದು ಅರ್ಥ. ಹೀಗಲ್ಲದೆ, ಏರುವವನ ಮೈಯನ್ನು ಮೊದಲು ಅಳೆದು, ಆಮೇಲೆ ಕಬ್ಬಿಣವನ್ನು ಕೊಯ್ದು ಬೈಸಿಕಲ್ಲಿನ ಚೌಕಟ್ಟನ್ನು ಕಟ್ಟುವ ಕೆಲಸವೊಂದುಂಟು. ಅದನ್ನು ಹರಿಹರದಲ್ಲಿ ಹತ್ತಿರದಿಂದ ನೋಡುವ ಅವಕಾಶವು ನನಗೆ ದೊರೆಯಿತು. ಅದರ ವಿಷಯವಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

ಬೈಸಿಕಲ್ಲಿನ ಪ್ರಾಣವಿರುವುದು ಚಕ್ರದಲ್ಲೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಚಕ್ರವನ್ನು ಬದಲಾಯಿಸಬಹುದು, ಚೈನನ್ನು ಬದಲಾಯಿಸಬಹುದು. ಚೌಕಟ್ಟು ಬದಲಾದರೆ ಮಾತ್ರ ಬೈಸಿಕಲ್ಲೇ ಬೇರೆಯಾಯಿತು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು 1885ರಲ್ಲಿ 'ರೋವರ್' ಎಂಬ ವಾಹನವನ್ನು ಹೊರತಂದನು. ಹೆಚ್ಚುಕಡಮೆ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಅದಾದ ಕೆಲವೇ ವರ್ಷಗಳಲ್ಲಿ ಎರಡು ಮುಕ್ಕೋಣಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಂತಹ ಚೌಕಟ್ಟು ಎಲ್ಲೆಡೆಯಲ್ಲಿಯೂ ನೆಲೆನಿಂತಿತು. ಅಂದಿನಿಂದ ಇಂದಿನವರೆಗೆ ಅದರ ಮೂಲರೂಪವು ಮಾರ್ಪಡಲಿಲ್ಲ. ಮುಕ್ಕೋಣಕ್ಕೆ ಒಂದು ವಿಶೇಷ ಗುಣವಿದೆ: ಅದರ ಬದಿಗಳು ಬಾಗದೆ ಅದರ ಆಕಾರ ಕೆಡಲಾರದು. ನಮ್ಮ ಹಳೆಯ ಮನೆಗಳ ಮಾಡಿನ ತೊಲೆಗಳನ್ನು ಬಡಗಿಯು ಜೋಡಿಸಿದ್ದೂ ಇದೇ ನಂಬಿಕೆಯಿಂದ.

ಬೈಸಿಕಲ್ಲಿಗೂ ಹರಿಹರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಹಳೆಯದು. ಬೆಳಗಾವಿಯ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಕೈಹಾಕಿದ ಮೊದಲ ಉದ್ಯಮವೆಂದರೆ ಬೈಸಿಕಲ್ಲಿನ ವ್ಯಾಪಾರ ಮತ್ತು ರಿಪೇರಿ. ಬಿಚ್ಚಿ ಜೋಡಿಸುವ ಆ ಅಂಗಡಿಯಿಂದಲೇ ಮುಂದೆ ಮೇವು ಕತ್ತರಿಸುವ ಯಂತ್ರವೂ ಕಬ್ಬಿಣದ ನೇಗಿಲೂ ಹುಟ್ಟಿದುವು. 1910ರಲ್ಲಿ ಔಂಧ್ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ, ಆಗಿನ ಮೈಸೂರು ಸಂಸ್ಥಾನದ ಎಲ್ಲೆಯಾಗಿದ್ದ ತುಂಗಭದ್ರೆಯ ದಡದಲ್ಲಿ, ಹರಿಹರದಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಯಿತು. ಅಲ್ಲಿ ತಯಾರಾದುದು ಲೇತ್ ಯಂತ್ರ, ಎಂದರೆ ಬೇರೆ ಯಂತ್ರಗಳ ಭಾಗಗಳನ್ನು ಕಡೆದು ಕೊಡುವ ಯಂತ್ರ. ಹೊಸ ಶತಮಾನವು ಹುಟ್ಟುವ ವೇಳೆಗೆ ಆ ಕಾರ್ಖಾನೆಯು ನಿಂತುಹೋಯಿತು. ಆದರೆ ಅಲ್ಲಿ ಕಬ್ಬಿಣದೊಡನೆ ಬಾಳಿದ ಕೈಗಳು ಹರಿಹರದಲ್ಲಿಯೂ ದಾವಣಗೆರೆಯಲ್ಲಿಯೂ ಇನ್ನೂ ಇವೆ.

ಬೈಸಿಕಲ್ಲಿನಿಂದ ದೊಡ್ಡ ಯಂತ್ರಗಳಿಗೆ ಹೋದ ದಾರಿ ನಮ್ಮಲ್ಲಿ ಮಾತ್ರವೇ ಅಲ್ಲ. ಅಮೆರಿಕದ ಡೇಟನ್ ನಗರದಲ್ಲಿ ರೈಟ್ ಸಹೋದರರು 1892ರಲ್ಲಿ ಬೈಸಿಕಲ್ ಅಂಗಡಿಯನ್ನಿಟ್ಟರು. 1896ರಿಂದ ಸ್ವಂತವಾಗಿ ಬೈಸಿಕಲ್ಲುಗಳನ್ನು ಕಟ್ಟಿ ಮಾರತೊಡಗಿದರು. 1903ರ ಡಿಸೆಂಬರ್ 17ರಂದು ಆಕಾಶಕ್ಕೆ ಏರಿದ ಅವರ ವಿಮಾನದಲ್ಲಿ ಚೈನೂ ಹಲ್ಲುಚಕ್ರವೂ ಇದ್ದುವು. ಹಗುರವಾಗಿಯೂ ಇರಬೇಕು, ಮನುಷ್ಯನ ಭಾರವನ್ನೂ ಹೊರಬೇಕು ಎಂಬ ಕಠಿನವಾದ ಪಾಠವನ್ನು ಅವರಿಗೆ ಮೊದಲು ಕಲಿಸಿದುದು ಬೈಸಿಕಲ್ಲೇ ಇರಬೇಕೆಂದು ನನಗೆ ತೋರುತ್ತದೆ.

ಇರಲಿ, ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ದಾವಣಗೆರೆಯಲ್ಲಿರುವ ನನ್ನ ತಮ್ಮನ ಮಗನು ಹದಿನೇಳು ವರ್ಷದವನು. ಅವನಿಗೆ ಬಿಎಂಎಕ್ಸ್ ಎಂಬ ಆಟದ ಹುಚ್ಚು. ಈ ಹೆಸರನ್ನು ಕೇಳದವರಿಗಾಗಿ ಎರಡು ಮಾತು ಹೇಳಬೇಕು. 1970ರ ಸುಮಾರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಹುಡುಗರು, ದೊಡ್ಡವರು ಮೋಟಾರು ಬೈಸಿಕಲ್ಲುಗಳನ್ನು ಮಣ್ಣಿನ ದಿಣ್ಣೆಗಳ ಮೇಲೆ ಹಾರಿಸುವುದನ್ನು ಕಂಡು, ತಮ್ಮ 20 ಅಂಗುಲದ ಚಕ್ರದ ಪುಟ್ಟ ಬೈಸಿಕಲ್ಲುಗಳಲ್ಲಿ ಅದನ್ನು ಅನುಕರಿಸಿದರು. ಹುಡುಗಾಟವು ಪಂದ್ಯವಾಯಿತು, 1981ರಲ್ಲಿ ಅದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟವಾಯಿತು, 2008ರಲ್ಲಿ ಬೀಜಿಂಗ್ ಒಲಿಂಪಿಕ್ ಪಂದ್ಯಗಳಲ್ಲಿ ಅದರ ಓಟಕ್ಕೆ ಸ್ಥಾನ ದೊರೆಯಿತು. ಗಾಳಿಯಲ್ಲಿ ತಿರುಗಿ ಚಮತ್ಕಾರಗಳನ್ನು ತೋರುವ ಇನ್ನೊಂದು ಬಗೆಯೂ 2021ರಲ್ಲಿ ನಡೆದ ಟೋಕಿಯೋ ಪಂದ್ಯಗಳಲ್ಲಿ ಸೇರಿತು. ಈ ಬೈಸಿಕಲ್ಲಿಗೆ ಗೇರುಗಳಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ. ಆಸನವು ಇದ್ದರೂ ಅದರ ಮೇಲೆ ಕುಳಿತುಕೊಳ್ಳುವ ಪ್ರಸಂಗವು ಅಪರೂಪ. ಸವಾರನು ಪೆಡಲಿನ ಮೇಲೆ ನಿಂತೇ ಇರುತ್ತಾನೆ.

ನಮ್ಮ ಹುಡುಗನ ಪಂದ್ಯದ ಅಂಗಳವೆಂದರೆ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟುವವರು ಸುರಿದಿದ್ದ ಮಣ್ಣಿನ ಗುಡ್ಡೆಗಳು. ಅಂಗಡಿಯಲ್ಲಿ ಕೊಂಡ ಬೈಸಿಕಲ್ಲು, ನೋಡುವುದಕ್ಕೆ ಅದೇ ಆಕಾರ, ಅದೇ ಬಣ್ಣ. ಒಂದು ಸಂಜೆ ಗುಡ್ಡೆಯಿಂದ ಹಾರಿ ನೆಲಕ್ಕೆ ಬಿದ್ದೊಡನೆ ಅದರ ಕೆಳಬಾರು ಮುಂದಲೆಯ ಬಳಿ ಕಿತ್ತುಬಂದಿತು. ಹುಡುಗನ ಬಲಗೈ ಮುರಿಯಿತು, ಗಲ್ಲದಲ್ಲಿ ಆರು ಹೊಲಿಗೆ ಬಿದ್ದುವು. ದೇವರ ದಯೆಯಿಂದ ತಲೆಗೆ ಪೆಟ್ಟಾಗಲಿಲ್ಲ, ಶಿರಸ್ತ್ರಾಣವನ್ನು ಧರಿಸಿದ್ದನು. ಆರು ವಾರಗಳ ಬಳಿಕ ಕೈಯ ಕಟ್ಟನ್ನು ಬಿಚ್ಚಿದ ದಿನವೇ ಅವನು ಬಂದು, "ದೊಡ್ಡಪ್ಪ, ನನ್ನ ಫ್ರೇಮನ್ನ ನಾನೇ ಕಟ್ಟಿಕೊಳ್ಳುತ್ತೇನೆ" ಎಂದನು. ಒಳಗಿನಿಂದ ಅವನ ತಾಯಿಯು ಬಂದು ನಿಂತಳು. ಆಕೆಯ ಪ್ರಶ್ನೆಯು ಚಿಕ್ಕದಾಗಿತ್ತು: "ಭಾವನವರೆ, ಕಂಪನಿಯೋರು ಮಾಡಿದ್ದೇ ಮುರೀತು. ಇವನು ಮಾಡಿದ್ದು ಮುರಿಯೋದಿಲ್ಲ ಅಂತ ಯಾರು ಹೇಳ್ತಾರೆ?"

ಈ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹುಡುಗನನ್ನು ಗದರಿಸಿ ಕೂರಿಸಬಹುದಾಗಿತ್ತು. ಆದರೆ ಹದಿನೇಳನೆಯ ವಯಸ್ಸಿನಲ್ಲಿ ಗದರಿಕೆಯಿಂದ ನಿಂತ ಆಸೆಯು ಕದ್ದು ಹೊರಡುವುದನ್ನು ಕಲಿಯುತ್ತದೆ. ಹರಿಹರದಲ್ಲಿ ನನಗೆ ಪರಿಚಯದ ಮೇಸ್ತ್ರಿಯೊಬ್ಬರಿದ್ದರು. ವಯಸ್ಸು ಎಪ್ಪತ್ತನ್ನು ದಾಟಿದೆ; ಹರೆಯವೆಲ್ಲ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ಕಳೆದುದು. ಈಗ ಮನೆಯ ಹಿಂದಿನ ತಗಡಿನ ಮಾಡಿನಲ್ಲಿ ಒಂದು ಹಳೆಯ ಲೇತನ್ನೂ ಗ್ಯಾಸ್ ಬೆಸುಗೆಯ ಸಾಮಾನನ್ನೂ ಇಟ್ಟುಕೊಂಡು ಪಂಪುಸೆಟ್ಟು, ಟ್ರ್ಯಾಕ್ಟರುಗಳ ಬಿಡಿಭಾಗಗಳನ್ನು ದುರಸ್ತುಮಾಡುತ್ತಾರೆ. ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಮುರಿದ ಚೌಕಟ್ಟನ್ನು ಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೊರಟೆವು.

ಮೇಸ್ತ್ರಿಗಳು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಉಗುರಿನಿಂದ ಒಂದು ಗೆರೆಯನ್ನು ತೋರಿಸಿ, "ಇದು ಆವತ್ತು ಮುರಿದಿದ್ದಲ್ಲ ಮಗ. ಇಲ್ಲಿ ನೋಡು, ಅರ್ಧ ಭಾಗ ತುಕ್ಕು ಹಿಡಿದೈತೆ, ಅರ್ಧ ಹೊಳೀತೈತೆ. ತುಕ್ಕು ಹಿಡಿದಿದ್ದು ಎರಡು ಮೂರು ತಿಂಗಳ ಹಿಂದೆ ಬಿರಿದಿದ್ದು. ಹೊಳೆಯೋದು ಆವತ್ತಿನದು" ಎಂದರು. ಲೋಹಕ್ಕೂ ದಣಿವುಂಟು. ಒಂದೇ ಬಾರಿಗೆ ಹೊರಿಸಿದರೆ ತಡೆಯುವ ಭಾರವನ್ನೇ ಸಾವಿರ ಬಾರಿ ಹೊರಿಸಿದರೆ ಎಲ್ಲಿಯೋ ಒಂದು ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ. ಪ್ರತಿ ಪೆಟ್ಟಿಗೂ ಅದು ಕೊಂಚ ಕೊಂಚವಾಗಿ ಮುಂದುವರಿಯುತ್ತದೆ. ಉಳಿದ ಲೋಹವು ಸಾಲದಾದ ದಿನ ಕಡಿದು ಬೀಳುತ್ತದೆ. ಬೈಸಿಕಲ್ಲು ಎತ್ತರದಿಂದ ನೆಲಕ್ಕೆ ಬಿದ್ದಾಗ ಸವಾರನ ಭಾರವೆಲ್ಲ ನಡುವಿನ ಪೆಡಲುಗಳ ಮೇಲೆ ಬೀಳುತ್ತದೆ. ನೆಲವು ಎರಡು ತುದಿಗಳಲ್ಲಿ ಚಕ್ರಗಳನ್ನು ಮೇಲಕ್ಕೆ ತಳ್ಳುತ್ತದೆ. ಎರಡು ಗೋಡೆಗಳ ಮೇಲಿಟ್ಟ ತೊಲೆಯ ನಡುವೆ ನಿಂತಂತೆಯೇ ಇದು. ತೊಲೆಯ ಕೆಳಮೈಯು ಎಳೆದುಕೊಳ್ಳುತ್ತದೆ, ಮೇಲ್ಮೈಯು ಒತ್ತಿಕೊಳ್ಳುತ್ತದೆ. ಆದುದರಿಂದ ಬಿರುಕು ಮೊದಲು ಹುಟ್ಟುವುದು ಕೆಳಬಾರು ಮುಂದಲೆಯನ್ನು ಸೇರುವಲ್ಲಿ, ಅದೂ ಅದರ ಅಡಿಯ ಮೈಯಲ್ಲಿ. ಕಣ್ಣಿಗೆ ಸುಲಭವಾಗಿ ಬೀಳದ ಕಡೆಯಲ್ಲಿ.

ಕೆಲಸವನ್ನು ಕಲಿಸುವುದಕ್ಕೆ ಮೇಸ್ತ್ರಿಗಳು ಒಪ್ಪಿದರು. ಆದರೆ ಒಂದು ಷರತ್ತನ್ನಿಟ್ಟರು: ಮೊದಲ ತಿಂಗಳು ಚೌಕಟ್ಟಿನ ಮಾತೆತ್ತಬಾರದು. ಪ್ರತಿ ಭಾನುವಾರ ಹುಡುಗನು ಹರಿಹರಕ್ಕೆ ಹೋಗಬೇಕು, ಹೇಳಿದ ಕೆಲಸವನ್ನು ಮಾಡಬೇಕು. ನಾನೂ ಆಗಾಗ್ಗೆ ಜೊತೆಗೆ ಹೋಗಿ ಒಂದು ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆನು.

ಮೊದಲು ಅಳತೆ. ಹುಡುಗನನ್ನು ಗೋಡೆಗೆ ನಿಲ್ಲಿಸಿ ಎತ್ತರ, ತೋಳಿನ ಉದ್ದ, ಕಾಲಿನ ಉದ್ದ, ಹೆಗಲಿನ ಅಗಲ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಹಳೆಯ ಬೈಸಿಕಲ್ಲಿನ ಭಾಗಗಳನ್ನು ಕಟ್ಟಿಗೆಯ ಮೇಲೆ ಕಟ್ಟಿ, ಅದರ ಮೇಲೆ ಅವನನ್ನು ನಿಲ್ಲಿಸಿ, ಮೊಳಕಾಲು ಎಲ್ಲಿಗೆ ಬರುತ್ತದೆ, ಬೆನ್ನು ಎಷ್ಟು ಬಾಗುತ್ತದೆ ಎಂದು ನೋಡಿದರು. ಗೋಡೆಗೆ ಅಂಟಿಸಿದ ದೊಡ್ಡ ಕಾಗದದ ಮೇಲೆ ಚೌಕಟ್ಟಿನ ನಕಾಶೆಯನ್ನು ಅದರ ನಿಜವಾದ ಗಾತ್ರದಲ್ಲಿಯೇ ಹುಡುಗನು ಬರೆದನು. ಈ ನಕಾಶೆಯಲ್ಲಿ ಒಂದೊಂದು ಅಂಕೆಯ ಹಿಂದೆಯೂ ಒಂದು ಜಗಳವಿದೆ. ಮೇಲಿನ ಬಾರು ಗಿಡ್ಡವಾದರೆ ತಿರುಗುವಾಗ ಮೊಳಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ. ಉದ್ದವಾದರೆ ಮುಂದಿನ ಚಕ್ರವನ್ನು ಎತ್ತುವುದಕ್ಕೆ ತೋಳು ಸಾಲದು. ಪೆಡಲಿನ ನಡುವಿನಿಂದ ಹಿಂದಿನ ಚಕ್ರದ ನಡುವಿಗಿರುವ ದೂರವು ಕಡಮೆಯಾದರೆ ಬೈಸಿಕಲ್ಲು ಚುರುಕು, ಹೆಚ್ಚಾದರೆ ಸ್ಥಿರ. ಮುಂದಲೆಯ ಕೊಳವೆಯು ಹೆಚ್ಚು ನೆಟ್ಟಗಿದ್ದರೆ ಹ್ಯಾಂಡಲ್ಲು ಬೇಗ ತಿರುಗುತ್ತದೆ, ಹಿಂದಕ್ಕೆ ವಾಲಿದ್ದರೆ ನಿಧಾನವಾಗಿ, ಗಂಭೀರವಾಗಿ ತಿರುಗುತ್ತದೆ. ನಮ್ಮ ಹಾಲಿನವರು ತುಳಿಯುತ್ತಿದ್ದ ದೊಡ್ಡ ಬೈಸಿಕಲ್ಲಿನಲ್ಲಿ ಈ ಕೋನವು ಸುಮಾರು 68 ಡಿಗ್ರಿ. ಎರಡು ಕ್ಯಾನು ಹಾಲನ್ನು ಚೆಲ್ಲದೆ ಒಯ್ಯುವುದಕ್ಕೆ ಅದೇ ಯೋಗ್ಯವಾದುದು. ಹುಡುಗನ ನಕಾಶೆಯಲ್ಲಿ ಬಹಳ ಚರ್ಚೆಯ ಮೇಲೆ 74½ ಡಿಗ್ರಿಯೆಂದು ನಿಂತಿತು. ಮೇಲಿನ ಬಾರು 20¼ ಅಂಗುಲ, ಹಿಂದಿನ ದೂರ 13½ ಅಂಗುಲ. ಕಾಲು ಅಂಗುಲದ ವಿಷಯಕ್ಕೆ ಎರಡು ಭಾನುವಾರಗಳು ಕಳೆದುವು. ಕಾಲು ಅಂಗುಲದಲ್ಲಿ ಏನಿದೆಯೆಂದು ನಾನು ಕೇಳಿದಾಗ ಮೇಸ್ತ್ರಿಗಳು, "ನಿಮ್ಮ ಕೆರ ಕಾಲು ಅಂಗುಲ ಗಿಡ್ಡ ಮಾಡಿಕೊಟ್ರೆ ಹಾಕ್ಕೊಂಡು ದಾವಣಗೆರೆಗೆ ನಡೀತೀರೇನ್ರಿ?" ಎಂದು ನಕ್ಕರು.

ಎರಡನೆಯದು ಕೊಳವೆ. ಪೇಟೆಯಲ್ಲಿ ದೊರೆಯುವ ಸಾಧಾರಣ ಉಕ್ಕಿನ ಕೊಳವೆಯಿಂದ ಕಿಟಕಿಯ ಕಂಬಿಯನ್ನು ಮಾಡಬಹುದು, ಗೇಟನ್ನು ಮಾಡಬಹುದು. ಈ ಬೈಸಿಕಲ್ಲುಗಳಿಗೆ ಬಳಸುವುದು ಕ್ರೋಮಿಯಂ ಮತ್ತು ಮಾಲಿಬ್ಡಿನಂ ಎಂಬ ಲೋಹಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಉಕ್ಕು. ನೂರರಲ್ಲಿ ಸುಮಾರು ಒಂದು ಭಾಗ ಕ್ರೋಮಿಯಂ, ಒಂದರಲ್ಲಿ ಐದನೆಯ ಭಾಗದಷ್ಟು ಮಾಲಿಬ್ಡಿನಂ. ಸಾರಿಗೆ ಉಪ್ಪಿದ್ದಂತೆ ಇಷ್ಟು ಸ್ವಲ್ಪದಿಂದಲೇ ಅದರ ಶಕ್ತಿಯು ಸಾಧಾರಣ ಉಕ್ಕಿನ ಒಂದೂವರೆ ಪಟ್ಟನ್ನು ಮೀರುತ್ತದೆ. ಆದುದರಿಂದ ಕೊಳವೆಯ ಗೋಡೆಯನ್ನು ಒಂದು ಮಿಲಿಮೀಟರಿನಷ್ಟು ತೆಳ್ಳಗೆ ಮಾಡಬಹುದು. ನಮ್ಮ ಪೇಟೆಯಲ್ಲಿ ಅದು ದೊರೆಯದೆ ಬೆಂಗಳೂರಿನಿಂದ ತರಿಸಬೇಕಾಯಿತು. ಹುಡುಗನು ದೀಪಾವಳಿಯ ಬಟ್ಟೆಯನ್ನು ಬೇಡವೆಂದು ಆ ಹಣವನ್ನು ಇದಕ್ಕೆ ಕೊಟ್ಟನು. ಉಳಿದುದನ್ನು ಅವನ ತಂದೆಯು, ಮುಖವನ್ನು ಗಂಟಿಕ್ಕಿಕೊಂಡೇ, ಎಣಿಸಿಕೊಟ್ಟನು.

ಮೂರನೆಯದು ಕೊಯ್ತ. ದುಂಡನೆಯ ಕೊಳವೆಯೊಂದನ್ನು ಇನ್ನೊಂದು ದುಂಡನೆಯ ಕೊಳವೆಯ ಮೈಗೆ ಸೇರಿಸಬೇಕಾದರೆ ಅದರ ತುದಿಯನ್ನು ನೇರವಾಗಿ ಕೊಯ್ದರೆ ಆಗದು. ಎರಡು ಕಡೆ ತಗ್ಗು, ಎರಡು ಕಡೆ ಉಬ್ಬು ಬರುವಂತೆ, ಬಾಯಿ ತೆರೆದ ಮೀನಿನ ಹಾಗೆ ಕೊಯ್ಯಬೇಕು. ಕಾಗದದ ಮೇಲೆ ಅದರ ರೇಖೆಯನ್ನು ಬರೆದು, ಕತ್ತರಿಸಿ, ಕೊಳವೆಗೆ ಸುತ್ತಿ, ಗುರುತು ಮಾಡಿಕೊಂಡು, ಒಂದು ಮೈ ಉಬ್ಬಾಗಿರುವ ಅರದಿಂದ ಉಜ್ಜುತ್ತ ಹೋಗಬೇಕು. ಉಜ್ಜುವುದು, ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಎರಡು ಕೊಳವೆಗಳ ನಡುವೆ ಬೆಳಕು ಕಾಣಬಾರದು. ದರ್ಜಿಯು ಅಂಗಿಯ ಕಂಕುಳನ್ನು ಕತ್ತರಿಸುವ ಕಾಗದವೂ ಇದೂ ಒಂದೇ ಜಾತಿಯವೆಂಬುದನ್ನು ಮೊದಲು ಗುರುತಿಸಿದವಳು ನಮ್ಮ ಹುಡುಗನ ತಾಯಿ. ಅವನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದ್ದ ಕಾಗದಗಳನ್ನು ನೋಡಿ, "ಇದು ತೋಳು ಜೋಡಿಸೋ ಲೆಕ್ಕ ಅಲ್ಲವೇನೋ?" ಎಂದಳು. ರವಿಕೆಗಳನ್ನು ತಾನೇ ಹೊಲಿದುಕೊಳ್ಳುವ ಆಕೆಗೆ ಆ ರೇಖೆಯ ಗುಟ್ಟು ನಮ್ಮೆಲ್ಲರಿಗಿಂತ ಬೇಗ ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಬೆಸುಗೆ. ಚೌಕಟ್ಟಿನ ಆಯುಸ್ಸೆಲ್ಲ ಇರುವುದು ಇದರಲ್ಲಿ. ಹುಡುಗನಿಗೆ ವಿದ್ಯುತ್ತಿನ ಬೆಸುಗೆಯ ಮೇಲೆ ಮನಸ್ಸಿತ್ತು. ದೊಡ್ಡ ತಯಾರಕರೆಲ್ಲ ಬಹುವಾಗಿ ಅದನ್ನೇ ಬಳಸುತ್ತಾರೆ. ಮೇಸ್ತ್ರಿಗಳು ತಮಗೆ ಬಲ್ಲ ಹಿತ್ತಾಳೆಯ ಬೆಸುಗೆಯನ್ನೇ ಹಿಡಿದರು. ಇದರಲ್ಲಿ ಉಕ್ಕನ್ನು ಕರಗಿಸುವುದಿಲ್ಲ. ಉಕ್ಕು ಕರಗಬೇಕಾದರೆ ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಬೇಕು. ಹಿತ್ತಾಳೆಯ ಕಡ್ಡಿಯು ಸುಮಾರು 900ಕ್ಕೇ ನೀರಾಗುತ್ತದೆ. ಗ್ಯಾಸಿನ ಉರಿಯಿಂದ ಎರಡು ಕೊಳವೆಗಳೂ ಒಂದೇ ಸಮನಾಗಿ ಕೆಂಪೇರಿದಾಗ ಕಡ್ಡಿಯನ್ನು ಮುಟ್ಟಿಸಿದರೆ, ಹಿತ್ತಾಳೆಯು ಕರಗಿ, ದೀಪದ ಬತ್ತಿಗೆ ಎಣ್ಣೆ ಏರುವಂತೆ, ಕೂದಲೆಳೆಯ ಸಂದಿನೊಳಗೆ ತಾನಾಗಿಯೇ ಹರಿದು ಹೋಗುತ್ತದೆ. ಹಾಗೆ ಹರಿಯಬೇಕಾದರೆ ಲೋಹದ ಮೈ ಶುದ್ಧವಾಗಿರಬೇಕು. ಬಿಸಿಗೆ ಹುಟ್ಟುವ ಕಿಟ್ಟವನ್ನು ತಡೆಯಬೇಕು. ಅದಕ್ಕಾಗಿ ಹಚ್ಚುವ ಲೇಪದ ಮುಖ್ಯ ವಸ್ತುವು ಬಿಳಿಗಾರ. ನಮ್ಮ ಅಕ್ಕಸಾಲಿಗರು ಮೂಗುತಿಯ ಬೆಸುಗೆಗೆ ತಲೆತಲಾಂತರದಿಂದ ಬಳಸುತ್ತ ಬಂದ ಬಿಳಿಗಾರವೇ. ಉರಿ ಕಡಮೆಯಾದರೆ ಹಿತ್ತಾಳೆಯು ಮೇಣದ ಹನಿಯಂತೆ ಮೇಲೆಯೇ ನಿಲ್ಲುತ್ತದೆ. ಹೆಚ್ಚಾದರೆ ಉಕ್ಕಿನ ಕಸುವೇ ಕೆಡುತ್ತದೆ. ಇದಕ್ಕೆ ಮಾಪಕವಿಲ್ಲ, ಕೆಂಪಿನ ಬಣ್ಣವನ್ನು ನೋಡಿ ತಿಳಿಯಬೇಕು.

ಮೊದಲ ತಿಂಗಳು ಹುಡುಗನು ಮಾಡಿದುದು ಬರಿಯ ಕೊಳವೆಯ ತುಂಡುಗಳ ಬೆಸುಗೆ. ಹೊರಗಿನಿಂದ ನೋಡಿದರೆ ಅವನ ಮೊದಲನೆಯದೇ ಚಿನ್ನದ ಉಂಗುರದಂತೆ ಹೊಳೆಯುತ್ತಿತ್ತು. ಮೇಸ್ತ್ರಿಗಳು ಅದನ್ನು ಹೊಗಳಲಿಲ್ಲ, ತೆಗಳಲಿಲ್ಲ. ಗರಗಸವನ್ನು ಅವನ ಕೈಗೆ ಕೊಟ್ಟು ಉದ್ದಕ್ಕೆ ಸೀಳಲು ಹೇಳಿದರು. ಸೀಳಿ ನೋಡಿದರೆ ಒಳಗಿನ ಸಂದಿನಲ್ಲಿ ಹಿತ್ತಾಳೆಯು ಅರ್ಧದಾರಿಯವರೆಗೂ ಹೋಗಿರಲಿಲ್ಲ. ಹೊರಗೆ ಚಿನ್ನ, ಒಳಗೆ ಟೊಳ್ಳು. ಎರಡನೆಯದನ್ನೂ ಸೀಳಿಸಿದರು, ಮೂರನೆಯದನ್ನೂ ಸೀಳಿಸಿದರು. ನಾಲ್ಕು ಗಂಟೆಯ ಹೊತ್ತು ಕೂತು ಮಾಡಿದ ಕೆಲಸವನ್ನು ತನ್ನ ಕೈಯಿಂದಲೇ ಸೀಳುವುದು ಎಳೆಯ ಮನಸ್ಸಿಗೆ ಸುಲಭವಲ್ಲ. ಏಳನೆಯದನ್ನು ಸೀಳುವಾಗ ಅವನ ಕಣ್ಣಲ್ಲಿ ನೀರಾಡಿತು. ಹನ್ನೊಂದನೆಯದರಲ್ಲಿ ಸಂದಿನ ತುದಿಯವರೆಗೂ ಹಳದಿಯ ಗೆರೆಯು ಎಲ್ಲಿಯೂ ಕಡಿಯದೆ ಹೋಗಿತ್ತು. ಮೇಸ್ತ್ರಿಗಳು ಅದನ್ನು ಎರಡು ಬೆರಳುಗಳಿಂದ ಸವರಿ, "ಇನ್ನೂ ಮೂರು ಇಂಥವನ್ನೇ ಮಾಡು, ಒಂದು ಬಂದ್ರೆ ಅದೃಷ್ಟ, ನಾಲ್ಕು ಬಂದ್ರೆ ವಿದ್ಯೆ" ಎಂದರು.

ಆ ದಿನ ಬೀಡಿಯನ್ನು ಹಚ್ಚಿಕೊಂಡು ಅವರು ಹೇಳಿದ ಇನ್ನೊಂದು ಮಾತು ನನ್ನ ನೆನಪಿನಲ್ಲಿ ಉಳಿದಿದೆ. "ನಮ್ಮೂರ ದೇವರನ್ನ ನೋಡಿದೀಯಲ್ಲ ಮಗ, ಅರ್ಧ ಹರ, ಅರ್ಧ ಹರಿ. ಎಲ್ಲಿ ಕೂಡಿಸಿದಾರೆ ಅಂತ ಗೆರೆ ಕಾಣ್ತೈತೇನು? ಬೆಸುಗೆ ಅಂದ್ರೆ ಅದು." ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ, ಕಟ್ಟಿದ ಹರಿಹರೇಶ್ವರನ ಗುಡಿಯನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ, ಮತಗಳ ಸಾಮರಸ್ಯದ ವಿಷಯವಾಗಿ ಅಲ್ಲಿ ಉಪನ್ಯಾಸಗಳನ್ನೂ ಕೇಳಿದ್ದೇನೆ. ಅದನ್ನು ಬೆಸುಗೆಯ ಪಾಠವಾಗಿ ಹೇಳಿದವರು ಈ ಮೇಸ್ತ್ರಿಗಳೊಬ್ಬರೇ.

ಎರಡನೆಯ ತಿಂಗಳಲ್ಲಿ ಚೌಕಟ್ಟು ರೂಪುಗೊಂಡಿತು. ಕೊಳವೆಗಳು ಅಲುಗದಂತೆ ಹಿಡಿಯುವುದಕ್ಕೆ ದಪ್ಪ ಕಬ್ಬಿಣದ ಹಲಗೆಯ ಮೇಲೆ ಬಿಗಿಗಳನ್ನು ಕೂರಿಸಿದ್ದರು. ಪೆಡಲಿನ ಅಚ್ಚು ಕೂರುವ ದಪ್ಪ ಕೊಳವೆಯನ್ನು ಮೇಸ್ತ್ರಿಗಳೇ ಲೇತಿನ ಮೇಲೆ ಕಡೆದುಕೊಟ್ಟರು. ಬಿಸಿಯಾದ ಲೋಹವು ಆರುವಾಗ ಸೆಳೆದುಕೊಳ್ಳುತ್ತದೆ. ಆ ಸೆಳೆತಕ್ಕೆ ಚೌಕಟ್ಟು ಒಂದು ಕಡೆಗೆ ವಾಲುವುದುಂಟು. ಆದುದರಿಂದ ಬೆಸುಗೆಯನ್ನು ಒಂದೇ ಕಡೆಯಿಂದ ಮುಗಿಸದೆ, ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಹಾಕುತ್ತ ಬರಬೇಕು. ಕೊನೆಗೆ ಪರೀಕ್ಷೆ. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ, ಒಂದು ಮಾರು ದಾರ ಸಾಕು. ಹಿಂದಿನ ಚಕ್ರವು ಕೂರುವ ಒಂದು ಕಚ್ಚಿನಿಂದ ದಾರವನ್ನು ಹೊರಡಿಸಿ, ಮುಂದಲೆಯ ಕೊಳವೆಯನ್ನು ಬಳಸಿ, ಇನ್ನೊಂದು ಕಚ್ಚಿಗೆ ಬಿಗಿದು ಕಟ್ಟುವುದು. ಆಸನದ ಕೊಳವೆಗೂ ದಾರಕ್ಕೂ ನಡುವಿನ ಅಂತರವು ಎಡಗಡೆಯಲ್ಲಿ ಎಷ್ಟೋ ಬಲಗಡೆಯಲ್ಲಿಯೂ ಅಷ್ಟೇ ಇರಬೇಕು. ಹುಡುಗನ ಚೌಕಟ್ಟಿನಲ್ಲಿ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸವಿತ್ತು. ಮೇಸ್ತ್ರಿಗಳು ಹಿಂದಿನ ಕವೆಯನ್ನು ಮೊಳಕಾಲಿನ ಮೇಲಿಟ್ಟು, ಹಸುವಿನ ಕೊರಳನ್ನು ನೇವರಿಸುವವರಂತೆ ಒಮ್ಮೆ ಮೆಲ್ಲನೆ ಒತ್ತಿದರು. ಮತ್ತೆ ಅಳೆದಾಗ ಎರಡು ಕಡೆಯೂ ಸಮನಾಗಿದ್ದುವು.

ಬಣ್ಣವನ್ನು ಬಳಿಯುವ ಮೊದಲು ಹುಡುಗನ ತಾಯಿಯನ್ನು ಕರೆದುಕೊಂಡು ಬರಬೇಕೆಂದು ಮೇಸ್ತ್ರಿಗಳು ಹೇಳಿಕಳುಹಿಸಿದ್ದರು. ಆಕೆಯು ಬಂದು, ಚೌಕಟ್ಟನ್ನು ಕೈಯಲ್ಲೆತ್ತಿ, ಇಷ್ಟು ಹಗುರವೇ ಎಂದು ಬೆರಗಾದಳು. ಅದು ಎರಡೂವರೆ ಕಿಲೋಗ್ರಾಮನ್ನು ಮುಟ್ಟಿರಲಿಲ್ಲ. ಆಮೇಲೆ ತನ್ನ ಹಳೆಯ ಪ್ರಶ್ನೆಯನ್ನೇ ಕೇಳಿದಳು: "ಅಜ್ಜಾರೆ, ಇದು ಮುರಿಯೋದಿಲ್ಲ ಅಂತ ನೀವು ಹೇಳ್ತೀರಾ?"

ಮೇಸ್ತ್ರಿಗಳು ತಡಮಾಡಿ ಉತ್ತರಕೊಟ್ಟರು. "ಮುರಿಯಲ್ಲ ಅಂತ ನಾನು ಹೇಳಂಗಿಲ್ಲ ತಾಯಿ. ಕಬ್ಬಿಣ ಯಾವತ್ತಿದ್ರೂ ಮುರಿಯೋದೇ. ಮುರಿದ್ರೆ ಎಲ್ಲಿ ಮುರೀತೈತೆ ಅಂತ ಹೇಳ್ತೀನಿ, ಬನ್ನಿ." ಎಂದು ಸೀಮೆಸುಣ್ಣದ ತುಂಡನ್ನು ತೆಗೆದುಕೊಂಡು ಚೌಕಟ್ಟಿನ ಮೇಲೆ ನಾಲ್ಕು ಕಡೆ ವೃತ್ತಗಳನ್ನು ಎಳೆದರು: ಕೆಳಬಾರು ಮುಂದಲೆಯನ್ನು ಸೇರುವ ಅಡಿಭಾಗ, ಮೇಲಿನ ಬಾರಿನ ಎರಡು ತುದಿಗಳು, ಪೆಡಲಿನ ಕೊಳವೆಯ ಹಿಂಭಾಗ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಈ ನಾಲ್ಕು ಕಡೆಗಳನ್ನು ಒರೆಸಿ, ಬೆಳಕಿನಲ್ಲಿ ನೋಡಬೇಕು. ಉಗುರನ್ನು ಆಡಿಸಿದರೆ ಎಡವಬಾರದು. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆಯು ಕಂಡರೂ ಅಂದಿನಿಂದ ಏರಬಾರದು, ಇಲ್ಲಿಗೆ ತರಬೇಕು. ಹುಡುಗನು ಕಪ್ಪು ಬಣ್ಣವನ್ನು ಬಯಸಿದ್ದನು. ಆಕೆಯು ಬಿಳಿಯ ಬಣ್ಣವೇ ಆಗಬೇಕೆಂದಳು. ಬಿಳಿಯ ಮೇಲೆ ಬಿರುಕು ಬೇಗ ಕಾಣುತ್ತದೆ. ಮೇಸ್ತ್ರಿಗಳು ಆಕೆಯ ಪಕ್ಷವನ್ನೇ ವಹಿಸಿದರು. ಚೌಕಟ್ಟು ಬಿಳಿಯದಾಯಿತು.

ಈ ಉತ್ತರವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಮುರಿಯುವುದಿಲ್ಲವೆಂಬ ಭರವಸೆಯನ್ನು ಅಚ್ಚುಮಾಡಿಸಿ ಪೆಟ್ಟಿಗೆಯೊಳಗಿಟ್ಟು ಕೊಡುವುದು ಯಾರಿಗೂ ಸುಲಭ. ಎಲ್ಲಿ ಮುರಿಯಬಹುದೆಂದು ತೋರಿಸಿ ಕೊಡುವುದು, ಅದನ್ನು ತನ್ನ ಕೈಯಿಂದ ಕಟ್ಟಿದವನಿಂದ ಮಾತ್ರ ಸಾಧ್ಯ. ಇದರಿಂದ ತಾಯಿಯ ಭಯವು ಹೋಯಿತೆಂದು ನಾನು ಹೇಳಲಾರೆ. ಆದರೆ ಅದಕ್ಕೆ ಒಂದು ಕೆಲಸ ದೊರೆಯಿತು. ಶನಿವಾರ ಸಂಜೆ ಮನೆಯ ಮುಂದಿನ ದೀಪದ ಕೆಳಗೆ ಬೈಸಿಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಆಕೆಯೂ ಮಗನೂ ನಾಲ್ಕು ಬೆಸುಗೆಗಳನ್ನು ಒರೆಸಿ ನೋಡುತ್ತಾರೆ. ಈ ಹೊತ್ತಿನಲ್ಲಿ ಅವರಿಬ್ಬರೂ ಆಡುವ ಮಾತುಗಳು ಬೇರೆ ಹೊತ್ತಿನಲ್ಲಿ ಆಡದಂತಹವು ಎಂಬುದನ್ನೂ ನಾನು ಗಮನಿಸಿದ್ದೇನೆ.

ಕೆಲವರು ಕೇಳುತ್ತಾರೆ: ಇಷ್ಟು ಕಷ್ಟವೇಕೆ, ಇಷ್ಟು ಹಣವೇಕೆ? ಕೊಳವೆ, ಕಡ್ಡಿ, ಗ್ಯಾಸು, ಬಣ್ಣ, ಬಸ್ಸಿನ ಖರ್ಚು ಎಲ್ಲವನ್ನೂ ಕೂಡಿಸಿದರೆ ಅಂಗಡಿಯ ಬೈಸಿಕಲ್ಲೇ ಅಗ್ಗ, ಸಂದೇಹವಿಲ್ಲ. ಲಕ್ಷಾಂತರ ಜನರಿಗೆ ಬೈಸಿಕಲ್ಲನ್ನು ಒದಗಿಸಬೇಕಾದರೆ ಕಾರ್ಖಾನೆಯೇ ಬೇಕು. ಕೈಯಿಂದ ಕಟ್ಟಿ ಪೂರೈಸುವ ಮಾತಲ್ಲ. ಶಾಲೆಗೆ ಹೋಗುವ ಹುಡುಗಿಗೂ ತರಕಾರಿ ಮಾರುವವನಿ‌ಗೂ ಕಾರ್ಖಾನೆಯ ಬೈಸಿಕಲ್ಲಿನಿಂದ ಆಗಿರುವ ಉಪಕಾರವು ಅಷ್ಟಿಷ್ಟಲ್ಲ. ನಾನು ಹೇಳುವುದಿಷ್ಟೆ: ಮೈಗೆ ಅಪಾಯವುಂಟುಮಾಡಬಲ್ಲ ಆಟಕ್ಕೆ ಇಳಿಯುವವನು ತನ್ನನ್ನು ಹೊರುವ ವಸ್ತುವಿನ ಒಳಗನ್ನು ತಿಳಿದಿರುವುದು ಲೇಸು. ಹನ್ನೊಂದು ಬೆಸುಗೆಗಳನ್ನು ಸೀಳಿ ನೋಡಿದ ಹುಡುಗನು ಈಗ ಗುಡ್ಡೆಯ ಮೇಲೆ ಮೊದಲಿಗಿಂತ ಹೆಚ್ಚು ಎಚ್ಚರದಿಂದಿರುತ್ತಾನೆ. ಎಷ್ಟು ಎತ್ತರ ಹಾರಬಹುದು ಎಂಬುದನ್ನು ಜೊತೆಯವರ ಕೇಕೆಯಿಂದಲ್ಲ, ಕಬ್ಬಿಣದ ಮೇಲಿನ ಲೆಕ್ಕದಿಂದ ತೀರ್ಮಾನಿಸುತ್ತಾನೆ.

ಇನ್ನೊಂದು ವಿಷಯವನ್ನು ಗೃಹಸ್ಥರ ಮುಂದಿಡಬೇಕೆಂದು ತೋರುತ್ತದೆ. ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಹೆಸರಾದ ಊರು. 1951ರಿಂದಲೇ ಇಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ನಮ್ಮ ಮಕ್ಕಳು ಅಂಥ ಕಾಲೇಜುಗಳಿಗೆ ಹೋಗಲೆಂದು ನಾವೆಲ್ಲರೂ ಆಸೆಪಡುತ್ತೇವೆ, ಆಸೆಪಡುವುದು ತಪ್ಪಲ್ಲ. ಆದರೆ ಮಗನು ಅರವನ್ನು ಹಿಡಿದು ಕೈಯನ್ನು ಕಪ್ಪು ಮಾಡಿಕೊಂಡರೆ ಓದು ಕೆಟ್ಟಿತೆಂದು ಹೆದರುವ ಮನೆಗಳು ಇನ್ನೂ ಇವೆ. ನಮ್ಮ ಹುಡುಗನಿಗೆ ತ್ರಿಕೋಣಮಿತಿಯು ಪಾಠದ ಮನೆಯಲ್ಲಿ ಎರಡು ವರ್ಷ ತಲೆಗೆ ಹತ್ತಲಿಲ್ಲ. 74½ ಡಿಗ್ರಿಯ ಮುಂದಲೆಯನ್ನು ಕಾಗದದ ಮೇಲೆ ಬರೆಯಬೇಕಾಗಿ ಬಂದಾಗ ಒಂದು ವಾರದಲ್ಲಿ ಹತ್ತಿತು. ಪುಸ್ತಕವು ಕೈಯನ್ನೂ ಕೈಯು ಪುಸ್ತಕವನ್ನೂ ತಿದ್ದುತ್ತವೆ. ಹರಿಹರದ ಮೇಸ್ತ್ರಿಗಳಂತಹವರು ಇನ್ನು ಹತ್ತು ಹದಿನೈದು ವರ್ಷ ನಮ್ಮೊಡನಿರಬಹುದು. ಕೆಂಪಿನ ಯಾವ ಬಣ್ಣದಲ್ಲಿ ಹಿತ್ತಾಳೆಯು ಹರಿಯುತ್ತದೆ ಎಂಬುದನ್ನು ಅವರು ಬರೆದಿಟ್ಟಿಲ್ಲ. ಅದು ಬರೆಯುವುದಕ್ಕೆ ಬರುವಂತಹುದೂ ಅಲ್ಲ. ಪಕ್ಕದಲ್ಲಿ ನಿಂತು ನೋಡಿದವನಿಗೆ ಮಾತ್ರ ಅದು ಸಿಕ್ಕುತ್ತದೆ.

ಮೊನ್ನೆ ಹುಡುಗನ ಬಳಿಗೆ ಅವನ ಗೆಳೆಯನೊಬ್ಬನು ಬಂದು ತನ್ನ ತಂಗಿಗೂ ಒಂದು ಚೌಕಟ್ಟು ಬೇಕೆಂದು ಕೇಳಿದನು. ಆಕೆಗೆ ಹನ್ನೆರಡು ವರ್ಷ. ಅಂಗಡಿಯಲ್ಲಿ ದೊರೆಯುವುದೆಲ್ಲ ಒಂದೋ ತೀರ ಚಿಕ್ಕದು, ಇಲ್ಲವೇ ದೊಡ್ಡದು. ಬೆಲೆಯೇನೆಂದು ಗೆಳೆಯನು ಕೇಳಿದಾಗ ನಮ್ಮ ಹುಡುಗನು, "ಬೆಲೆ ಆಮೇಲೆ ಅಜ್ಜನ್ನ ಕೇಳಿ ಹೇಳ್ತೀನಿ. ಭಾನುವಾರ ಅವಳನ್ನ ಕರ್ಕೊಂಡು ಬಾ, ಮೊದಲು ಅಳತೆ ತಗೋಬೇಕು" ಎಂದನು.